ಎರಡು ಸಲ ಒತ್ತಿದ ಕೈ

ನವೆಂಬರ್ ೪, ಸೋಮವಾರ

ಪರದೆ ಎದ್ದಿದೆ, ದೀಪ ಬೆಳಗಿದೆ, ಸಭೆಯಲ್ಲಿ ಮಾತ್ರ ಒಬ್ಬರೂ ಇಲ್ಲ. ಇರಲಿ. ಮಾತಾಡದೆ ಈ ತಿಜಾನಿ ಒಂದು ದಿನವಾದರೂ ಬದುಕಿದ್ದುಂಟೇ? ಇಪ್ಪತ್ತೊಂಬತ್ತು ವರ್ಷ ಶಾಲೆಯಿಂದ ಬಂದವನು ಕೋಟು ಬಿಚ್ಚುವ ಮೊದಲೇ ಶುರು ಮಾಡುತ್ತಿದ್ದೆ. ಇವತ್ತು ಯಾವ ಹುಡುಗ ಯಾವ ಟ್ರಾನ್ಸಿಸ್ಟರ್ ಸುಟ್ಟ, ಮುಖ್ಯೋಪಾಧ್ಯಾಯರ ಮಾತಿಗೆ ನಾನು ಹೇಗೆ ತಿರುಗೇಟು ಕೊಟ್ಟೆ, ಇಡೀ ಸ್ಟಾಫ್ ರೂಮು ಹೇಗೆ ಬಾಯಿ ಬಿಟ್ಟುಕೊಂಡು ಕೂತಿತು. ನನ್ನ ಹೆಂಡತಿ ವಸೀಲಾ ಬಟಾಣಿ ಸುಲಿಯುತ್ತ "ಹೂಂ, ಆಮೇಲೆ?" ಎನ್ನುತ್ತಿದ್ದಳು. ಆ 'ಆಮೇಲೆ' ನಿಂತು ಇಂದಿಗೆ ನಲವತ್ತಾರು ದಿನ. ಅದಕ್ಕೇ ಈ ನೋಟ್‌ಬುಕ್ಕು ಕೊಂಡು ತಂದೆ.

ಸೆಪ್ಟೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ನಾಲಿಗೆ ಕಲ್ಲಾಯಿತು. "ತಲೇಲಿ ಮಾತು ಪೂರ್ತಿ ಇದೆ" ಎಂದರು ಡಾಕ್ಟರು. "ಎಲ್ಲ ಕೇಳಿಸುತ್ತೆ, ಎಲ್ಲ ಅರ್ಥ ಆಗುತ್ತೆ. ನಾಲಿಗೆಗೆ ಅಪ್ಪಣೆ ತಲುಪ್ತಾ ಇಲ್ಲ, ಅಷ್ಟೆ."

ಅಷ್ಟೇ ತಾನೇ? ತಂತಿ ಕಡಿದಿದೆ, ಅಷ್ಟೇ ತಾನೇ? ಸ್ಫಾಕ್ಸ್ ಪಟ್ಟಣದ ಪ್ರೌಢಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಎಲೆಕ್ಟ್ರಾನಿಕ್ಸ್ ಮತ್ತು ವಿನ್ಯಾಸ ಕಲಿಸುತ್ತಿರುವವನಿಗೆ ಕಡಿದ ತಂತಿ ಕೂಡಿಸಲು ಬಾರದೇ? ಬರೆದು ತೋರಿಸು ಎನ್ನುವಂತಿಲ್ಲ. ವಸೀಲಾಳಿಗೆ ಅಕ್ಷರ ಬಾರದು. ಕೆರ್ಕೆನ್ನಾ ದ್ವೀಪದ ಮೀನುಗಾರನ ಮಗಳು ಅವಳು, ಎಂಟನೇ ವಯಸ್ಸಿಗೇ ಬಲೆ ಹೆಣೆಯಲು ಕೂತವಳು. ನಾನೇ ಕಲಿಸುತ್ತೇನೆಂದು ಮದುವೆಯಾದ ವರ್ಷ ಮಾತು ಕೊಟ್ಟಿದ್ದೆ, ಬಿಡುವಾಗಲಿಲ್ಲ. ಅಡ್ಡಿಯಿಲ್ಲ. ಮಾತಾಡುವ ಪೆಟ್ಟಿಗೆಯನ್ನೇ ಮಾಡಿಕೊಡುತ್ತೇನೆ. ಗುಂಡಿ ಒತ್ತಿದರೆ ಮಾತು ಹೊರಡಬೇಕು.

ಇವತ್ತೇ ಮೂರನೇ ವರ್ಷದ ತಾಂತ್ರಿಕ ವಿಭಾಗದ ಮಕ್ಕಳ ಮುಂದೆ ಘೋಷಿಸಿದೆ: ಈ ವರ್ಷದ ಪ್ರಾಜೆಕ್ಟು, ಅಗತ್ಯವಿರುವ ಒಬ್ಬ ಮನುಷ್ಯನಿಗೆ ಒಂದು ಸಾಧನ. ಲ್ಯಾಬಿನ ಗೋಡೆಯ ಮೇಲೆ ನನ್ನ ಕೈಬರಹದ ಮೂರು ಪ್ರಶ್ನೆಗಳಿವೆ. ಇದು ಯಾರಿಗಾಗಿ? ಯಾವುದರ ಮೇಲೆ ಕೆಲಸ ಮಾಡುತ್ತದೆ? ಯಾತಕ್ಕಾಗಿ? "ಈ ಮೂರಕ್ಕೂ ಹಾಳೆಯಲ್ಲಿ ಉತ್ತರ ಬರೀದೆ ಇರೋನು ಸೋಲ್ಡರಿಂಗ್ ಕಡ್ಡಿ ಮುಟ್ಟಕೂಡದು" ಎಂದು ಗುಡುಗಿದೆ. ಕಿಟಕಿಯ ಗಾಜು ನಡುಗಿತು.

ನನ್ನ ಪೆಟ್ಟಿಗೆಗೆ ಆ ಹಾಳೆ ತುಂಬುವ ಅಗತ್ಯವಿಲ್ಲ. ಅದರ ಉತ್ತರಗಳೆಲ್ಲ ನನ್ನ ಎದೆಯಲ್ಲೇ ಇವೆ.

ನವೆಂಬರ್ ೧೬, ಶನಿವಾರ

ಪೆಟ್ಟಿಗೆ ಸಿದ್ಧ. ಪ್ಲೈವುಡ್ ಮೈ, ಒಳಗೆ ಧ್ವನಿ ಹಿಡಿದಿಡುವ ನಾಲ್ಕು ಚಿಪ್, ಮೇಲೆ ನಾಲ್ಕು ಗುಂಡಿ. ನೀಲಿಗೆ ನೀರು, ಕೆಂಪಿಗೆ ನೋವು, ಹಳದಿಗೆ ಶೌಚ, ಹಸಿರಿಗೆ ಮಾತ್ರೆ. ಹಾಸಿಗೆ ಹಿಡಿದ ಮನುಷ್ಯನಿಗೆ ಇನ್ನೇನು ಬೇಕು?

ಧ್ವನಿ ನನ್ನದೇ. ಹುಡುಗನಾಗಿದ್ದಾಗ ನಾಟಕದಲ್ಲಿ ಪರದೆ ಎಳೆಯುವ ಕೆಲಸದಿಂದ ಶುರುಮಾಡಿ, ಮೀಸೆ ಬಂದ ಮೇಲೆ ಸುಲ್ತಾನನಾಗಿ ಕಟ್ಟಕಡೆಯ ಬೆಂಚಿನವರ ಕಿವಿ ತುಂಬಿಸಿದ ಗಂಟಲು ಇದು. 'ನನಗೆ ನೀರು ಬೇಕು' ಎಂಬ ಮೂರು ಮಾತನ್ನು ಒಂಬತ್ತು ಸಲ ಮುದ್ರಿಸಿದೆ. ಮೊದಲನೆಯದರಲ್ಲಿ ದೈನ್ಯ ಹೆಚ್ಚಾಯಿತು, ಐದನೆಯದರಲ್ಲಿ ಕೋಪ ಬಂತು. ಒಂಬತ್ತನೆಯದು ಹದವಾಗಿ ಬಂತು.

ನಾನು ಶಾಲೆಯಲ್ಲಿರುವಾಗ ವಸೀಲಾಳ ಬಳಿ ಪಕ್ಕದ ಮನೆಯ ರಶೀದಾ ಕೂತಿರುತ್ತಾಳೆ. ನಾನು ನೀಲಿ ಗುಂಡಿ ಒತ್ತಿ ತೋರಿಸಿದಾಗ ಅವಳ ಕೈಯ ಜರಡಿ ಬಿದ್ದು ಕೂಸ್‌ಕೂಸ್ ರವೆ ನೆಲದ ತುಂಬ ಹರಡಿತು.

"ಇದೇನು ತಿಜಾನಿಯಣ್ಣ, ನೀವು ಶಾಲೆಗೆ ಹೋದ್ಮೇಲೂ ಮನೇಲೇ ಇದ್ದ ಹಾಗಾಯ್ತಲ್ಲ."

"ಒಳ್ಳೇದಲ್ವಾ?"

"ಒಳ್ಳೇದೇ. ಪಾಪ, ಅವಳಿಗೆ ದಿನಕ್ಕೆ ನಾಲ್ಕು ಗಂಟೆ ಬಿಡುವಿತ್ತು."

ಇಬ್ಬರೂ ನಕ್ಕೆವು. ವಸೀಲಾ ನಗಲಿಲ್ಲ. ಮುಖದ ಸ್ನಾಯು ಇನ್ನೂ ಸಡಿಲಗೊಂಡಿಲ್ಲ.

ನವೆಂಬರ್ ೨೧, ಗುರುವಾರ

ಐದು ದಿನವಾಯಿತು. ಒಂದು ಗುಂಡಿಯನ್ನೂ ಅವಳು ಮುಟ್ಟಿಲ್ಲ.

ಮಕ್ಕಳಿಗೆ ನಾನು ಕಲಿಸುವ ಮೊದಲ ಪಾಠ ಇದು: ಯಂತ್ರ ಸುಮ್ಮನಿದ್ದರೆ ಅದನ್ನು ಬೈಯಬೇಡಿ, ಬಡಿಯಬೇಡಿ. ಬ್ಯಾಟರಿಯಿಂದ ಹೊರಡಿ, ಸ್ಪೀಕರಿನವರೆಗೆ ನಡೆಯಿರಿ, ಹೆಜ್ಜೆಹೆಜ್ಜೆಗೂ ಮೀಟರಿನ ಕಡ್ಡಿ ತಾಗಿಸಿ. ಬ್ಯಾಟರಿ ಸರಿ, ಬೆಸುಗೆ ಸರಿ, ಚಿಪ್ ಸರಿ. ಉಳಿದದ್ದು ಗುಂಡಿ. ಒಳಗಿನ ಸ್ಪ್ರಿಂಗು ಬಿಗಿ ಇರಬೇಕು, ಅವಳ ಎಡಗೈಗೆ ಒತ್ತಲಾಗುತ್ತಿಲ್ಲ. ಪೆಟ್ಟಿಗೆಯನ್ನು ಲ್ಯಾಬಿಗೆ ಒಯ್ದೆ.

ಖೌಲಾ ಬಂದು ಮೇಜಿನ ಪಕ್ಕ ನಿಂತಳು. ರೊಟ್ಟಿ ಭಟ್ಟಿಯವನ ಮಗಳು, ಹದಿನೇಳು ವರ್ಷ. ಮಾತು ಕಡಿಮೆ, ಬೆಸುಗೆ ಮುತ್ತಿನಂತಿರುತ್ತದೆ.

"ಉಸ್ತಾದ್, ಇದರ ಹಾಳೆ ಎಲ್ಲಿ?"

"ಯಾವ ಹಾಳೆ?"

"ಮೂರು ಪ್ರಶ್ನೆದು. ತುಂಬದೆ ಕಡ್ಡಿ ಮುಟ್ಟಬಾರದು ಅಂತ ನೀವೇ ಅಂದಿದ್ರಿ."

"ಉಸ್ತಾದ್‌ಗೆ ಸೊನ್ನೆ ಹಾಕೇ ಖೌಲಾ, ತಾಕತ್ತಿದ್ರೆ" ಎಂದ ಬಿಲೇಲ್. ಅವನು ತರಗತಿಯ ವಿದೂಷಕ. ಇಡೀ ಲ್ಯಾಬು ನಕ್ಕಿತು.

"ಮೂವತ್ತೊಂದು ವರ್ಷ ಸಂಸಾರ ಮಾಡಿದೀನಿ ಹುಡುಗಿ. ಆ ಹಾಳೆ ನನಗೆ ಬಾಯಿಪಾಠ."

"ಮನೇಲಿ ವಸೀಲಾ ಚಿಕ್ಕಮ್ಮನ್ನ ಕೇಳಿದ್ರಾ ಅಂತ ಅಷ್ಟೆ."

"ಮಾತು ಬರದವಳನ್ನ ಏನಂತ ಕೇಳ್ಲಿ?"

ಅವಳು ತಲೆ ತಗ್ಗಿಸಿ, ಬೆರಳ ತುದಿಯಿಂದ ನೀಲಿ ಗುಂಡಿ ಒತ್ತಿದಳು. 'ನನಗೆ ನೀರು ಬೇಕು' ಎಂದು ನನ್ನ ಗಂಟಲು ಲ್ಯಾಬಿನ ಸೂರು ಮುಟ್ಟಿತು. ಬಿಲೇಲ್ ಓಡಿಹೋಗಿ ಲೋಟದಲ್ಲಿ ನೀರು ತಂದು ನನ್ನ ಮುಂದೆ ಬಗ್ಗಿ ನಿಂತ. ಅವನನ್ನು ಹತ್ತು ನಿಮಿಷ ಹೊರಗೆ ಹಾಕಿದೆ. ಅವನ ರಂಗಪ್ರವೇಶದ ಸಮಯ ಒಪ್ಪುವಂಥದ್ದೇ ಆಗಿತ್ತು, ಅದನ್ನು ಅಲ್ಲಗಳೆಯಲಾರೆ.

ಮೆತ್ತನೆಯ ಗುಂಡಿಗಳನ್ನು ಕೂರಿಸಿದೆ. ಗಾಳಿ ಸೋಕಿದರೂ ಒತ್ತಿಕೊಳ್ಳುವಂತಿವೆ.

ಡಿಸೆಂಬರ್ ೩, ಮಂಗಳವಾರ

ಮೆತ್ತನೆಯ ಗುಂಡಿಗಳನ್ನೂ ಮುಟ್ಟಿಲ್ಲ. ಅದಿರಲಿ, ಇವತ್ತಿನ ಅಂಕವೇ ಬೇರೆ.

ರಶೀದಾಳ ಫೋನಿಗೆ ಸಾಸಿಯಾ ಕರೆ ಮಾಡಿದಳು. ವಸೀಲಾಳ ಅಕ್ಕ, ದ್ವೀಪದಲ್ಲಿ ಒಬ್ಬಳೇ ಇರುವ ವಿಧವೆ. ಹನ್ನೊಂದು ವರ್ಷದಿಂದ ನನಗೂ ಅವಳಿಗೂ ಮಾತಿಲ್ಲ. ಅವರ ತಾಯಿ ಸತ್ತ ವಾರ, ನೆಂಟರೆಲ್ಲ ಕೂತಿದ್ದಾಗ ಸಾಸಿಯಾ, "ವಸೀಲಾ, ಅಮ್ಮನ ಕೋಣೆ ನಿನ್ನ ಹೆಸರಿಗೆ ಇಟ್ಕೊಳ್ತೀಯಾ?" ಎಂದು ಕೇಳಿದಳು. ಅವಳಿಗೆ ಅದೆಲ್ಲ ಯಾಕೆ, ಅವಳ ಮನೆ ಸ್ಫಾಕ್ಸ್‌ನಲ್ಲಿದೆ ಎಂದೆ ನಾನು. ಅಷ್ಟಕ್ಕೇ ಸಾಸಿಯಾ ತುಂಬಿದ ಸಭೆಯಲ್ಲಿ, "ನಾನು ಕೇಳಿದ್ದು ಅವಳನ್ನ. ನೀನೇನು ಅವಳ ಬಾಯಾ?" ಎಂದಳು. ತುಂಬಿದ ಸಭೆಯಲ್ಲಿ, ನನಗೆ. ಮಧ್ಯಾಹ್ನದ ಫೆರಿ ಹಡಗಿಗೇ ವಸೀಲಾಳನ್ನು ಕರೆದುಕೊಂಡು ಹೊರಟುಬಂದೆ. ಆಮೇಲೆ ಅವಳೂ ಹೋಗುತ್ತೇನೆಂದು ಕೇಳಲಿಲ್ಲ. ಕೇಳಿದ್ದರೆ ಕಳಿಸದೆ ಇರುತ್ತಿದ್ದೆನೇ?

"ಹೇಗಿದಾಳೆ?" ಎಂದಳು ಇವತ್ತು. ಸಲಾಮಿಲ್ಲ, ಪೀಠಿಕೆಯಿಲ್ಲ.

"ದಿನೇ ದಿನೇ ಸುಧಾರಿಸ್ತಾ ಇದಾಳೆ."

"ಫೋನು ಅವಳ ಕಿವಿಗೆ ಹಿಡಿ."

"ಮಲಗಿದಾಳೆ."

ವಸೀಲಾ ಎಚ್ಚರವಾಗಿಯೇ ಇದ್ದಳು. ನನ್ನ ಬಾಯನ್ನೇ ನೋಡುತ್ತಿದ್ದಳು. ಆದರೆ ಉದ್ವೇಗ ಕೂಡದೆಂದು ಡಾಕ್ಟರೇ ಹೇಳಿದ್ದಾರಲ್ಲ.

"ಸಮುದ್ರ ಶಾಂತವಾಗಿದೆ, ಕರ್ಕೊಂಡು ಬಾ. ಅಮ್ಮನ ಕೋಣೆ ಖಾಲಿ ಇದೆ."

"ಇಲ್ಲಿ ಆಸ್ಪತ್ರೆ ಇದೆ, ವ್ಯಾಯಾಮ ಮಾಡ್ಸೋರು ಇದಾರೆ, ನಾನಿದೀನಿ. ಅವಳಿಗೆ ಇಲ್ಲೇ ಹಿತ."

"ಅವಳು ಹೇಳಿದ್ಲಾ?"

ಫೋನು ಇಟ್ಟೆ. ವಸೀಲಾಳ ಕಣ್ಣಿನಿಂದ ನೀರು ಇಳಿದಿತ್ತು. ಬಲಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಆದ್ದರಿಂದ ಹೀಗಾಗುತ್ತದೆ. ಇವತ್ತು ಎಡಗಣ್ಣಲ್ಲೂ ಇತ್ತು. ಕಿಟಕಿಯಿಂದ ಗಾಳಿ ಬರುತ್ತಿತ್ತು.

ಡಿಸೆಂಬರ್ ೧೪, ಶನಿವಾರ

ಶುಭವಾರ್ತೆ. ಡಂಗುರ ಹೊಡೆಸಬೇಕಾದಂಥ ವಾರ್ತೆ.

ಬೆಳಿಗ್ಗೆ ನಾನು ಅವಳಿಗೆ ಬಾರ್ಲಿ ಗಂಜಿ ಕುಡಿಸಿ, ಇವತ್ತಾದರೂ ಒತ್ತು, ನನಗಾಗಿ ಒತ್ತು ಎಂದು ಹೇಳುತ್ತಿದ್ದೆ. ಅವಳ ಎಡಗೈ ನಿಧಾನವಾಗಿ ಎದ್ದಿತು. ಪೆಟ್ಟಿಗೆಯ ಅಂಚಿಗೆ ಹೋಯಿತು. ತಳ್ಳಿತು. ಪೆಟ್ಟಿಗೆ ಮಂಚದಿಂದ ಬಿದ್ದು ಮೂಲೆ ಒಡೆಯಿತು. ಎತ್ತಿಟ್ಟೆ. ಮತ್ತೆ ತಳ್ಳಿದಳು. ಮೂರನೇ ಸಲ ಇನ್ನೂ ಬಲವಾಗಿ.

ಒಂದೂಕಾಲು ಕಿಲೋ ತೂಕವಿದೆ ಅದು. ಎರಡು ವಾರದ ಹಿಂದೆ ಚಮಚ ಹಿಡಿಯಲಾಗದಿದ್ದ ಕೈ. ವ್ಯಾಯಾಮ ಫಲ ಕೊಟ್ಟಿತು ಎಂದು ಬೀದಿಯವರಿಗೆಲ್ಲ ಹೇಳಿ ಬಂದೆ. ರಶೀದಾ ಮಾತ್ರ ನನ್ನ ಮುಖವನ್ನೇ ನೋಡಿ, "ಹೌದಾ ತಿಜಾನಿಯಣ್ಣ" ಎಂದು ಒಳಗೆ ಹೋದಳು.

ಪೆಟ್ಟಿಗೆಯನ್ನು ಮಂಚದ ಪಟ್ಟಿಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದಿದ್ದೇನೆ. ಇನ್ನು ಬೀಳುವುದಿಲ್ಲ.

ಜನವರಿ ೮, ಬುಧವಾರ

ಶಾಲೆಯ ರಜೆಯಲ್ಲಿ ಲಕ್ವದ ಇನ್ನೊಂದು ಹೊಡೆತ. ಹತ್ತು ದಿನ ಆಸ್ಪತ್ರೆ. ನಿನ್ನೆ ಮನೆಗೆ ಕರೆತಂದೆ.

"ಹೃದಯ ಸೋತಿದೆ" ಎಂದರು ಡಾಕ್ಟರು. "ಅವರಿಗೇನಿಷ್ಟವೋ ಅದನ್ನ ಮಾಡಿ."

ಎಷ್ಟು ದಿನ ಎಂದು ನಾಲ್ಕು ಸಲ ಕೇಳಿದೆ. ನಾಲ್ಕನೇ ಸಲ ಅವರು ಪೆನ್ನಿನ ಮುಚ್ಚಳ ಹಾಕಿ ಎದ್ದರು.

ಜನವರಿ ೧೮, ಶನಿವಾರ

ತರಗತಿಯ ಮಕ್ಕಳು ನೋಡಲು ಬಂದಿದ್ದರು, ಕಿತ್ತಳೆ ಹಣ್ಣು ಹಿಡಿದುಕೊಂಡು. ಮಿಕ್ಕವರು ಬಾಗಿಲಲ್ಲೇ ಕಾಲು ಬದಲಿಸುತ್ತ ನಿಂತು ಹೊರಟುಹೋದರು. ಖೌಲಾ ಮತ್ತು ಬಿಲೇಲ್ ಉಳಿದರು. ಬಿಲೇಲ್ ಒಂದು ದೊಡ್ಡ ಹಾಳೆಯ ತುಂಬ ಇಪ್ಪತ್ತು ಚಿತ್ರ ಬರೆದು ತಂದಿದ್ದ. ರೊಟ್ಟಿ, ಮಸೀದಿ, ರೇಡಿಯೋ, ಬೆಕ್ಕು, ಫೆರಿ, ಹೀಗೆ.

ಖೌಲಾ ನೆಲದ ಮೇಲೆ ಕೂತು ವಸೀಲಾಳ ಎಡಗೈ ಹಿಡಿದುಕೊಂಡಳು. "ಚಿಕ್ಕಮ್ಮ, ಹೌದಾದ್ರೆ ನನ್ನ ಕೈ ಒಂದು ಸಲ ಒತ್ತಿ, ಅಲ್ಲ ಅಂದ್ರೆ ಎರಡು ಸಲ. ನಿಮಗೆ ಈ ಪೆಟ್ಟಿಗೆ ಇಷ್ಟಾನಾ?"

"ಇಷ್ಟ, ಇಷ್ಟ, ಅಭ್ಯಾಸ ಆಗ್ಬೇಕು ಅಷ್ಟೆ" ಎಂದೆ.

"ಇದರಲ್ಲಿರೋ ಮಾತು ನಿಮಗೆ ಬೇಕಾದ್ದೇನಾ?"

"ಬೇಡದೆ ಏನು? ನೀರು ಬೇಡ್ವಾ ಮನುಷ್ಯರಿಗೆ?"

ಖೌಲಾ ನನ್ನತ್ತ ತಿರುಗಿ ಬಹಳ ವಿನಯದಿಂದ, "ಉಸ್ತಾದ್, ಟೀ ಉಕ್ಕಿತೇನೋ" ಎಂದಳು.

ಹೋಗಿ ನೋಡಿದೆ. ಟೀಗೆ ಒಲೆಯನ್ನೇ ಹಚ್ಚಿರಲಿಲ್ಲ. ಹಚ್ಚಿ, ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಅವಳು ಹಾಳೆಯನ್ನು ವಸೀಲಾಳ ಕೈಯ ಕೆಳಗೆ ಹಿಡಿದಳು. ಅಷ್ಟು ಹೊತ್ತು ಮೂವರು ಸುಮ್ಮನಿರುವುದನ್ನು ನೋಡಲು ಕಷ್ಟವಾಯಿತು. ಆಮೇಲೆ ವಸೀಲಾಳ ಬೆರಳು ಜಾರಿ ಜಾರಿ ಫೆರಿಯ ಮೇಲೆ ನಿಂತಿತು.

"ಅದು ಸ್ನಾನದ ತೊಟ್ಟಿ ಅಲ್ಲ ಚಿಕ್ಕಮ್ಮ, ಫೆರಿ" ಎಂದ ಬಿಲೇಲ್. "ನನ್ನ ಕೈ ಅಷ್ಟೇ."

ವಸೀಲಾಳ ಬಾಯಿಯ ಎಡ ಮೂಲೆ ಅಲುಗಿತು. ನಕ್ಕಳು.

"ದ್ವೀಪಕ್ಕೆ ಹೋಗ್ಬೇಕಾ?" ಎಂದಳು ಖೌಲಾ. ವಸೀಲಾ ಒಂದು ಸಲ ಒತ್ತಿದಳಂತೆ. "ಹೌದು ಅಂತಿದಾರೆ ಉಸ್ತಾದ್." ಅಲ್ಲಿ ಯಾರನ್ನಾದರೂ ನೋಡಬೇಕಾ? ಒಂದು. "ಹೋಗಿ, ನೋಡ್ಕೊಂಡು, ವಾಪಸ್ ಬರೋದಾ?"

ಖೌಲಾ ತಲೆ ಬಗ್ಗಿಸಿ ತನ್ನ ಕೈಯನ್ನೇ ನೋಡುತ್ತ ಕೂತಳು.

"ಎಷ್ಟು ಒತ್ತಿದ್ಲು?" ಎಂದೆ.

"ಎರಡು."

ಇಲ್ಲಿ ರಂಗಕ್ಕೆ ನಾನು ಬರಲೇಬೇಕಾಯಿತು. ಸ್ವಿಚ್ಚಿನ ನಡುಕದ ಪಾಠ ಮರೆತೆಯಾ ಖೌಲಾ ಎಂದು ಕೇಳಿದೆ. ಗುಂಡಿಯನ್ನು ನಾವು ಒತ್ತುವುದು ಒಂದೇ ಸಲ, ಆದರೆ ಒಳಗಿನ ತಗಡು ತಾಗಿ, ಪುಟಿದು, ಮತ್ತೆ ತಾಗುತ್ತದೆ. ಪೆದ್ದ ಯಂತ್ರ ಅದನ್ನು ಎರಡೆಂದು ಎಣಿಸುತ್ತದೆ. ಕಾಯಿಲೆಯ ಕೈ ನಡುಗುತ್ತದೆ. ಅವಳು ಒತ್ತಿದ್ದು ಒಂದೇ, ನೀನು ಎಣಿಸಿದ್ದು ಎರಡು.

ಮಕ್ಕಳು ಟೀ ಕುಡಿಯದೆ ಹೋದರು. ವಸೀಲಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಅಷ್ಟು ಜನ ಬಂದರೆ ದಣಿವಾಗುವುದು ಸಹಜ.

ಜನವರಿ ೨೩, ಗುರುವಾರ

"ಕೈ ಸ್ವಿಚ್ಚಲ್ಲ, ಉಸ್ತಾದ್" ಎಂದಳು ಖೌಲಾ, ಎಲ್ಲರೂ ಹೋದ ಮೇಲೆ ಲ್ಯಾಬಿನಲ್ಲಿ ಉಳಿದು.

"ನಡುಗೋದೆಲ್ಲ ಸ್ವಿಚ್ಚೇ."

"ಸರಿ. ಹಾಗಾದ್ರೆ ನಡುಕ ತೆಗೆಯೋ ಸರ್ಕ್ಯೂಟ್ ಹಾಕ್ತೀನಿ. ಆಗ ಒಪ್ತೀರಾ?"

ಏನು ಹೇಳಲಿ? ಆ ಸರ್ಕ್ಯೂಟನ್ನು ಅವಳಿಗೆ ಕಲಿಸಿದವನು ನಾನೇ. ಒಂದು ರೆಸಿಸ್ಟರು, ಒಂದು ಕೆಪಾಸಿಟರು. ತಗಡಿನ ನಡುಕ ಅಡಗುವ ತನಕ ಅದು ಕಾಯುತ್ತದೆ, ಆಮೇಲೆ ಎಣಿಸುತ್ತದೆ.

ತನ್ನ ಹಾಳೆಯನ್ನೂ ತುಂಬಿ ತಂದಿದ್ದಳು. ಯಾರಿಗಾಗಿ? ವಸೀಲಾ ಚಿಕ್ಕಮ್ಮನಿಗಾಗಿ. ಯಾವುದರ ಮೇಲೆ ಕೆಲಸ ಮಾಡುತ್ತದೆ? ಕೇಳುವವರ ಮೇಲೆ. ಯಾತಕ್ಕಾಗಿ? ಒಂದನ್ನು ಒಂದೆಂದೂ ಎರಡನ್ನು ಎರಡೆಂದೂ ತಿಳಿಯುವುದಕ್ಕೆ.

ಎರ್ರಾಬಿರ್ರಿ ಉತ್ತರ. ಸಾಧನ ಕೆಲಸ ಮಾಡುವುದು ಒತ್ತುವವರ ಕೈ ಮೇಲೆ, ಕೇಳುವವರ ಮೇಲಲ್ಲ. ಇಪ್ಪತ್ತಕ್ಕೆ ಎಂಟು ಹಾಕಿದೆ.

ಜನವರಿ ೨೯, ಬುಧವಾರ

ಖೌಲಾ ತಂದಳು. ರಕ್ತದೊತ್ತಡ ನೋಡುವ ಯಂತ್ರದ ರಬ್ಬರ್ ಚೆಂಡು, ಅಂಗೈಯಲ್ಲಿ ಹಿಡಿದು ಹಿಂಡುವುದಕ್ಕೆ. ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ. ಒಂದು ಸಲ ಹಿಂಡಿದರೆ ಹಸಿರು ದೀಪ. ಎರಡು ಸಲಕ್ಕೆ ಕೆಂಪು. ಮಾತಿಲ್ಲ, ಸದ್ದಿಲ್ಲ.

ನೂರು ಸಲ ಹಿಂಡಿ ನೋಡಿದೆ. ಬೇಕೆಂದೇ ಕೈ ನಡುಗಿಸಿದೆ. ಮೊಣಕೈಯಿಂದ ಒತ್ತಿದೆ. ಬಿಲೇಲನಿಗೆ ನನ್ನ ಭುಜ ಅಲ್ಲಾಡಿಸಲು ಹೇಳಿದೆ. ಅವನಿಗೆ ಅದೊಂದು ಭಾಗ್ಯ.

ನೂರರಲ್ಲಿ ಒಂದೂ ತಪ್ಪಲಿಲ್ಲ.

"ಮನೆಗೆ ತಗೊಂಡು ಹೋಗಿ, ನೀವೇ ಕೇಳಿ ಉಸ್ತಾದ್" ಎಂದಳು. "ಕೇಳಿದ್ಮೇಲೆ ಮನಸ್ಸಲ್ಲಿ ಹತ್ತು ಎಣಿಸಿ. ಅಲ್ಲಿಗಂಟ ಏನೂ ಮಾತಾಡ್ಬೇಡಿ."

ಫೆಬ್ರವರಿ ೧, ಶನಿವಾರ

ಮೂರು ದಿನ ಅದು ಚೀಲದಲ್ಲೇ ಇತ್ತು. ಇವತ್ತು ತೆಗೆದೆ.

ದ್ವೀಪಕ್ಕೆ ಹೋಗಬೇಕಾ? ಹಸಿರು.

ಸಾಸಿಯಾಳ ಹತ್ತಿರ? ಹಸಿರು.

ಅಮ್ಮನ ಕೋಣೆಗಾ? ನಾನು ಕೇಳಿ ಮುಗಿಸುವ ಮೊದಲೇ ಹಸಿರು.

ಸ್ವಲ್ಪ ದಿನ ಇದ್ದು ವಾಪಸ್ ಬರೋಣವಾ? ಹತ್ತು ಎಣಿಸುವುದು ಬಹಳ ಉದ್ದದ ಕೆಲಸ. ಏಳಕ್ಕೆ ಕೆಂಪು.

ಡಬ್ಬಿ ಬಿಚ್ಚಿದೆ. ಕೆಪಾಸಿಟರ್ ಅಳೆದೆ. ಸರಿಯಿದೆ.

ಫೆಬ್ರವರಿ ೨, ಭಾನುವಾರ

ಮಂಚದ ಪಟ್ಟಿಯಿಂದ ನಾಲ್ಕು ಸ್ಕ್ರೂ ತೆಗೆದೆ. ಸಾಸಿಯಾಳಿಗೆ ಫೋನು ಮಾಡಿದೆ.

"ನಾನು, ತಿಜಾನಿ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಅವಳಿಗೆ ಅಲ್ಲಿಗೆ ಬರ್ಬೇಕಂತೆ. ಅಮ್ಮನ ಕೋಣೆಗೆ. ಕಡೇತನಕ."

"ಯಾರು ಹೇಳಿದ್ದು?"

"ಅವಳೇ ಹೇಳಿದ್ಲು."

"ಕೋಣೆಗೆ ಸುಣ್ಣ ಹೊಡಿಸ್ತೀನಿ" ಎಂದಳು.

ಫೆಬ್ರವರಿ ೭, ಶುಕ್ರವಾರ

ಗಾಳಿ. ಫೆರಿ ನಿಂತಿದೆ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ವ್ಯಾನಿನಲ್ಲಿ ಮಲಗಿಸಿಕೊಂಡು ಬಂದರಿನ ತನಕ ಹೋಗಿ, ಎರಡು ದಿನವೂ ತಿರುಗಿ ಬಂದೆವು. ಟಿಕೆಟ್ ಕಿಟಕಿಯವನ ಹತ್ತಿರ ಜಗಳವಾಡಲು ಹೋದೆ. ಬಾಯಿ ತೆರೆದೆ, ಏನೂ ಬರಲಿಲ್ಲ. ಅವನೇ, "ಭಾನುವಾರ ಗಾಳಿ ಇಳಿಯುತ್ತೆ ಚಿಕ್ಕಪ್ಪ" ಎಂದ.

ಅವಳ ಉಸಿರು ಕೆಟ್ಟಿದೆ. ಉಗುರಿನ ಬುಡ ನೀಲಿಯಾಗಿದೆ.

ವಾಪಸ್ ಬರುವಾಗ ಕೇಳಿದೆ, ಭಾನುವಾರದ ತನಕ ಕಾಯ್ತೀಯಾ ಎಂದು. ಹಸಿರು.

ಫೆಬ್ರವರಿ ೯, ಭಾನುವಾರ

ದಾಟಿದೆವು. ವ್ಯಾನಿನ ಹಿಂಬಾಗಿಲು ತೆರೆದಿಡಲೇ ಎಂದು ಕೇಳಿದೆ. ಹಸಿರು. ಒಂದೂಕಾಲು ಗಂಟೆ ನೀರು ನೋಡಿದಳು. ನೀರಿನಲ್ಲಿ ನೆಟ್ಟ ಈಚಲು ಗರಿಯ ಬೇಲಿಗಳು ಕಂಡಾಗ, ಅವಳಪ್ಪ ಮೀನು ಹಿಡಿಯಲು ಕಟ್ಟುತ್ತಿದ್ದಂಥವು, ನಾನು ಕೇಳದೆಯೇ ಚೆಂಡು ಹಿಂಡಿದಳು. ಹಸಿರು. ಯಾವ ಪ್ರಶ್ನೆಗೋ ತಿಳಿಯದು.

ಬಂದರಿನಲ್ಲಿ ಸಾಸಿಯಾ ನಿಂತಿದ್ದಳು. ವ್ಯಾನಿನೊಳಗೆ ಹತ್ತಿ, ತಂಗಿಯ ಪಕ್ಕದಲ್ಲೇ ಮಲಗಿಬಿಟ್ಟಳು.

ಫೆಬ್ರವರಿ ೧೧, ಮಂಗಳವಾರ

ಕೋಣೆಯಲ್ಲಿ ಸುಣ್ಣದ ವಾಸನೆ. ಸಾಸಿಯಾ ದಿನವಿಡೀ ತಂಗಿಗೆ ಊರಿನ ಸುದ್ದಿ ಹೇಳುತ್ತಾಳೆ, ನಡುವೆ ನಿಲ್ಲಿಸುತ್ತಾಳೆ. ವಸೀಲಾ ಒಂದೋ ಎರಡೋ ಒತ್ತುತ್ತಾಳೆ. ಇಬ್ಬರೂ ಅದಕ್ಕೆ ನಗುತ್ತಾರೆ. ನಾನು ಅಂಗಳದಲ್ಲಿ ಕೂತಿರುತ್ತೇನೆ.

ಮುಖ್ಯೋಪಾಧ್ಯಾಯರು ಬೇಕಾದಷ್ಟು ದಿನ ರಜೆ ತೆಗೆದುಕೊಳ್ಳಿ ಎಂದಿದ್ದಾರೆ. ಒಳಗೆ ಹೋಗಿ ಕೇಳಿದೆ.

"ವಸೀಲಾ, ನಾನೂ ಇಲ್ಲೇ ಇರ್ಲಾ?"

ಕೆಂಪು.

ಹಿಂದೆ ನಿಂತಿದ್ದ ಸಾಸಿಯಾ ನೋಡಿದಳು. "ದಣಿದಿದಾಳೆ ತಿಜಾನಿ. ತಪ್ಪಾಗಿ ಒತ್ತಿರ್ಬೇಕು. ಇನ್ನೊಂದ್ಸಲ ಕೇಳು."

"ಇಲ್ಲ. ಸರಿಯಾಗೇ ಒತ್ತಿದಾಳೆ."

ನಾಲ್ಕು ಗಂಟೆಯ ಫೆರಿ ಹಿಡಿದೆ.

ಫೆಬ್ರವರಿ ೧೬, ಭಾನುವಾರ

ಭಾನುವಾರ ಬರಲೇ ಎಂದು ಫೋನಿನಲ್ಲಿ ಸಾಸಿಯಾಳಿಂದ ಕೇಳಿಸಿದೆ. ಹಸಿರಂತೆ. ಹೋಗಿ ಬಂದೆ. ಅಂಗಳಕ್ಕೆ ಹಾಸಿಗೆ ತಂದಿದ್ದರು. ಪಕ್ಕದಲ್ಲಿ ಕೂತೆ. ಬಿಸಿಲಿತ್ತು.

ಫೆಬ್ರವರಿ ೨೦, ಗುರುವಾರ

ಪಾಠ ಮಾಡಿದೆ. "ಉಸ್ತಾದ್‌ಗೆ ಗಂಟಲು ಕೆಟ್ಟಿದೆಯಾ?" ಎಂದ ಬಿಲೇಲ್.

"ಇಲ್ಲ."

ಅವನು ಕಾದ. ನಾನೂ ಕಾದೆ. "ನನ್ನ ಸರ್ಕ್ಯೂಟ್ ಓಡ್ತಾ ಇಲ್ಲ ಉಸ್ತಾದ್, ಯಾಕೋ ಗೊತ್ತಾಗ್ತಿಲ್ಲ" ಎಂದ ಆಮೇಲೆ. ಮೂರು ವರ್ಷದಲ್ಲಿ ಅವನು ನನ್ನಲ್ಲಿ ತಮಾಷೆಯಿಲ್ಲದೆ ಆಡಿದ ಮೊದಲ ಮಾತಿರಬೇಕು. ಇಬ್ಬರೂ ಕೂತು ನೋಡಿದೆವು.

ಖೌಲಾಳ ಅಂಕ ತಿದ್ದಿದೆ.

ಫೆಬ್ರವರಿ ೨೫, ಮಂಗಳವಾರ

ಎರಡನೇ ಪೀರಿಯಡ್‌ನಲ್ಲಿ ಸಾಸಿಯಾಳ ಫೋನು ಬಂತು. ಬೆಳಿಗ್ಗೆ ಏಳಕ್ಕಂತೆ. ಚೆಂಡು ಕೈಯಲ್ಲೇ ಇತ್ತಂತೆ, ಯಾವ ದೀಪವೂ ಉರಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದಾಟಿ ಬಂದೆ. ಇಳಿಹೊತ್ತಿನ ಅಸರ್ ನಮಾಜಿನ ನಂತರ ಮಣ್ಣು ಮಾಡಿದೆವು. ಸಮಾಧಿಯ ಹತ್ತಿರ ಒಬ್ಬ ಮುದುಕ, ನನ್ನನ್ನು ಹಿಂದೆ ನಾಟಕದಲ್ಲಿ ಕಂಡವನಿರಬೇಕು, "ನಾಲ್ಕು ಮಾತಾಡಪ್ಪ, ನಿನ್ನ ಗಂಟಲಿಗೆ ಒಪ್ಪುತ್ತೆ" ಎಂದ. ತಲೆ ಅಲ್ಲಾಡಿಸಿದೆ. ಇಮಾಮರು ಓದಿದರು. ಗಂಡಸರು ಸಾಲಾಗಿ ಬಂದು ಕೈ ಹಿಡಿದರು.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಸಾಸಿಯಾ ಬಂದವರಿಗೆ ಬಾರ್ಲಿ ಗಂಜಿ ಬಡಿಸುತ್ತಿದ್ದಳು. ತಿರುಗಿ ನೋಡದೆಯೇ ಕೇಳಿದಳು.

"ನಾಳೆ ಬೆಳಗಿನ ಫೆರಿಗೆ ಹೋಗ್ತೀಯೋ, ಮೂರನೇ ದಿನದ ತನಕ ಇರ್ತೀಯೋ?"

"ನೀನು ಹೇಳಕ್ಕ."

ಅವಳು ಒಂದು ಬಟ್ಟಲು ತುಂಬಿ ಹೊರಗೆ ಕಳಿಸಿದಳು. ಇನ್ನೊಂದು ತುಂಬಿದಳು. ಮತ್ತೊಂದು. ಸೌಟು ಪಾತ್ರೆಯ ತಳಕ್ಕೆ ತಾಗುವ ಸದ್ದು ಕೇಳುತ್ತ ನಾನು ನಿಂತೇ ಇದ್ದೆ. ನಾಲ್ಕನೆಯ ಬಟ್ಟಲನ್ನು ತಂದು ನನ್ನ ಎರಡೂ ಕೈಯಲ್ಲಿಟ್ಟಳು.

"ಇರು" ಎಂದಳು.